ಹಳೇ ಕ್ಯಾಟಲಾಗು, ಲೇಬಲ್ಲು, ಹ್ಯಾಂಡ್‌ಬಿಲ್ಲಿಗೆ ಯಾವ ಕವರು? ನಾಲ್ಕು ಬಗೆಯ ಪ್ಲಾಸ್ಟಿಕ್ ಕವರುಗಳ ವಿಮರ್ಶೆ

‘ಆಸಿಡ್ ಫ್ರೀ’ ಎಂದು ಬೆನ್ನ ಮೇಲೆ ದಪ್ಪಕ್ಷರದಲ್ಲಿ ಬರೆದ ಆಲ್ಬಮ್ ಕೊಳ್ಳುವ ಮುಂಚೆ ಅದನ್ನು ತೆರೆದು ಮೂಗಿನ ಹತ್ತಿರ ಹಿಡಿಯಿರಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಅಲ್ಲಿಗೇ ವಾಪಸ್ ಇಟ್ಟುಬಿಡಿ. ಬೆನ್ನ ಮೇಲೆ ಏನೇ ಬರೆದಿರಲಿ, ಒಳಗಿರುವುದು ಪಿವಿಸಿ ಎಂಬ ಮೆದು ಪ್ಲಾಸ್ಟಿಕ್ಕು. ಹಳೇ ಜಾಹೀರಾತು ಕಾಗದಕ್ಕೆ ಅದರಷ್ಟು ಕೆಟ್ಟ ನೆರೆ ಇನ್ನೊಂದಿಲ್ಲ.

ಡಿಪಾರ್ಟ್‌ಮೆಂಟ್ ಸ್ಟೋರುಗಳ ಹಳೇ ಕಾಗದ ಕೂಡಿಡುವವರ ಕೈಗೆ ನಮ್ಮ ಕಡೆ ಬರುವುದು ಸಾಮಾನ್ಯವಾಗಿ ಇಂಥವು: 1882ರಲ್ಲಿ ಕಲ್ಕತ್ತದಲ್ಲಿ ಶುರುವಾದ ವೈಟ್‌ವೇ ಲೇಯ್ಡ್‌ಲಾ ಕಂಪನಿಯ ದರಪಟ್ಟಿಗಳು, 1891ರಲ್ಲಿ ಮುಂಬಯಿಗೂ 1901ರಲ್ಲಿ ಕಲ್ಕತ್ತಕ್ಕೂ ಬಂದ ಲಂಡನ್ನಿನ ಆರ್ಮಿ ಅಂಡ್ ನೇವಿ ಸ್ಟೋರ್ಸ್‌ನ ಕ್ಯಾಟಲಾಗಿನ ಬಿಡಿ ಹಾಳೆಗಳು, ಮದರಾಸಿನ ಮೌಂಟ್ ರೋಡಿನ ಸ್ಪೆನ್ಸರ್ಸ್ ಕರಪತ್ರಗಳು. ಜೊತೆಗೆ ಮ್ಯಾಂಚೆಸ್ಟರ್ ಬಟ್ಟೆಯ ಥಾನಿಗೆ ಅಂಟಿಸುತ್ತಿದ್ದ ಬಣ್ಣದ ಲೇಬಲ್ಲು, ಮೈಸೂರು ದಸರಾ ವಸ್ತುಪ್ರದರ್ಶನದ ಹ್ಯಾಂಡ್‌ಬಿಲ್ಲು, ಸೀರೆ ಅಂಗಡಿಯ ಕ್ಯಾಲೆಂಡರು. ಓದಿ ಬಿಸಾಡಲಿ ಎಂದೇ ಅಚ್ಚು ಹಾಕಿಸಿದ ಸರಕು ಇದು, ಕಾಗದವೂ ಅದಕ್ಕೆ ತಕ್ಕಂತೆ ಅಗ್ಗ. ಕವರು ತಪ್ಪಿದರೆ ಐವತ್ತು ವರ್ಷ ತಾನಾಗಿಯೇ ಉಳಿದದ್ದು ಐದು ಮಳೆಗಾಲದಲ್ಲಿ ಹಾಳಾಗುತ್ತದೆ.

ಇಲ್ಲಿ ತೂಗಿ ನೋಡಿರುವುದು ನಾಲ್ಕು: ಸ್ಟೇಷನರಿ ಅಂಗಡಿಯ ಕ್ಲಿಯರ್ ಬುಕ್ ಫೈಲು, ರೆಡಿಮೇಡ್ ಬಟ್ಟೆಯವರು ಬಳಸುವ ಬಿಒಪಿಪಿ ಕವರು, ರಿಂಗ್ ಫೈಲಿಗೆ ಹಾಕುವ ಹನ್ನೊಂದು ತೂತಿನ ಪಿಪಿ (ಪಾಲಿಪ್ರೊಪಿಲೀನ್) ಪಾಕೆಟ್ಟು, ಮತ್ತು ಪಾಲಿಯೆಸ್ಟರ್ ಎಲ್-ಸ್ಲೀವು.

ಮೊದಲು ಆ ‘ಆಸಿಡ್ ಫ್ರೀ’ ವಿಚಾರ ಮುಗಿಸೋಣ. ಅದು ಕಾಗದಕ್ಕೆ ಸಲ್ಲುವ ಮಾತು. ಮರದ ತಿರುಳಿನ ಕಾಗದಕ್ಕೆ ಶಾಯಿ ಹರಡದಿರಲೆಂದು ರಾಳ, ಪಟಿಕ ಸೇರಿಸುತ್ತಿದ್ದರು. ಕಾಲ ಕಳೆದಂತೆ ಒಳಗೇ ಆಮ್ಲ ಹುಟ್ಟಿ ಹಾಳೆ ಕೆಂಪಾಗಿ, ಮಡಿಸಿದ ಕಡೆ ಹಪ್ಪಳದಂತೆ ಮುರಿಯುತ್ತದೆ. ಹಾಗಾಗಿ ರಟ್ಟಿಗೆ, ಕಾಗದಕ್ಕೆ ಆಸಿಡ್ ಫ್ರೀ ಅಂದರೆ ಅರ್ಥವಿದೆ. ಪ್ಲಾಸ್ಟಿಕ್ಕಿಗೆ ಅಂದರೆ ಏನೂ ಹೇಳಿದಂತಾಗಲಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಪ್ಲಾಸ್ಟಿಕ್ಕು? ಪಿಪಿ, ಪಿಇ (ಪಾಲಿಥಿಲೀನ್), ಪೆಟ್ (ಪಾಲಿಯೆಸ್ಟರ್) ಇವುಗಳಲ್ಲಿ ಒಂದು ಹೆಸರು ಬಂದರೆ ಮುಂದಿನ ಮಾತು. ‘ವಿನೈಲ್’, ‘ಕ್ರಿಸ್ಟಲ್ ಕ್ಲಿಯರ್’, ‘ಫಾರಿನ್ ಕ್ವಾಲಿಟಿ’ ಎಂಬ ಉತ್ತರ ಬಂದರೆ ಬೇಡ.

ಹೆಸರು ಸಿಗದಿದ್ದರೆ ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಒಂದು ಕವರಿನ ಮೂಲೆಯಿಂದ ಉಗುರಗಲದ ಚೂರು ಕತ್ತರಿಸಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿಗೆ ಹಾಕಿ ಕಡ್ಡಿಯಿಂದ ತಳಕ್ಕೆ ಒತ್ತಿ. ಲಿಕ್ವಿಡ್ ಹಾಕದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗಬೇಕಾದದ್ದೂ ತೇಲುತ್ತದೆ. ಪಿಪಿ, ಪಿಇ ಎರಡೂ ನೀರಿಗಿಂತ ಹಗುರ, ಮೇಲೆ ಬರುತ್ತವೆ. ಪಿವಿಸಿ, ಪೆಟ್ ಎರಡೂ ಮುಳುಗುತ್ತವೆ. ಮುಳುಗಿದ್ದಕ್ಕೆ ಮಾತ್ರ ಎರಡನೇ ಪರೀಕ್ಷೆ. ತಾಮ್ರದ ತಂತಿಯ ತುದಿಯನ್ನು ಗ್ಯಾಸ್ ಉರಿಯಲ್ಲಿ ಹಸಿರು ಬಣ್ಣ ಪೂರ್ತಿ ನಿಲ್ಲುವವರೆಗೆ ಕಾಯಿಸಿ, ಬಿಸಿಯಿರುವಾಗಲೇ ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಗಿಳಿಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಆಗದಿದ್ದರೆ ಬಹುಮಟ್ಟಿಗೆ ಪೆಟ್. ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ, ಸಾಸಿವೆ ಕಾಳಿನಷ್ಟು ಪ್ಲಾಸ್ಟಿಕ್ ಸಾಕು. ಇಡೀ ಕವರನ್ನು ಸುಟ್ಟು ನೋಡುವ ಉತ್ಸಾಹ ಬೇಡ.

ಈಗ ಕ್ಲಿಯರ್ ಬುಕ್. ಇಪ್ಪತ್ತೋ ನಲವತ್ತೋ ಪಾಕೆಟ್ಟು ಬೆನ್ನಿಗೆ ಬೆಸೆದಿರುವ, ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ಫೈಲು. ಎಲ್ಲ ಊರಲ್ಲೂ ಸಿಗುತ್ತದೆ, ಅಗ್ಗ. ಹೊಸದರಲ್ಲಿ ಹಲವು ಪಿಪಿಯವೇ, ಅದನ್ನು ಒಪ್ಪಬೇಕು. ಆದರೂ ಇದನ್ನು ಶಿಫಾರಸು ಮಾಡುವುದು ಕಷ್ಟ, ಕಾರಣ ಪ್ಲಾಸ್ಟಿಕ್ಕಿಗಿಂತ ಅಳತೆ. ಎ4 ಅಂದರೆ 210 × 297 ಮಿ.ಮೀ. ನಮ್ಮ ಪ್ರೆಸ್ಸುಗಳು ಆಗ ದುಡಿಸುತ್ತಿದ್ದದ್ದು ಡೆಮಿ, ಕ್ರೌನ್, ಫುಲ್‌ಸ್ಕೇಪ್ ಎಂಬ ಹಳೇ ಅಳತೆಯ ಹಾಳೆಗಳನ್ನು. ಕ್ರೌನ್ 1/4, ಅಂದರೆ ಇಡೀ ಕ್ರೌನ್ ಹಾಳೆಯ ಕಾಲುಭಾಗ, ಏಳೂವರೆ × ಹತ್ತು ಇಂಚು, ಎ4 ಒಳಗೆ ಸಲೀಸಾಗಿ ಕೂರುತ್ತದೆ. ಡೆಮಿ 1/8 ಕೂಡ ಸರಿ. ಡೆಮಿ 1/4 ಮಾತ್ರ ಮೋಸ ಮಾಡುತ್ತದೆ: ಉದ್ದ 286 ಮಿ.ಮೀ. ಇರುವುದರಿಂದ ನೋಡಲು ಹಿಡಿಸುವಂತೆ ಕಾಣುತ್ತದೆ, ಅಗಲ 222 ಮಿ.ಮೀ. ಆದ್ದರಿಂದ ತುರುಕಿದಾಗ ಎರಡೂ ಅಂಚು ಸುರುಳಿ ಸುತ್ತಿಕೊಂಡು ನಿಲ್ಲುತ್ತವೆ. ಫುಲ್‌ಸ್ಕೇಪ್ ಹಾಳೆ 216 × 343 ಮಿ.ಮೀ., ಮೇಲೆ ಎರಡು ಇಂಚು ಹೊರಗೆ ಇಣುಕುತ್ತದೆ. ಆ ಎರಡು ಇಂಚಿನಲ್ಲೇ ಅಂಗಡಿಯ ಹೆಸರು ಇರುತ್ತದೆ, ಧೂಳು ಕೂರುವುದೂ ಅಲ್ಲೇ. ಕೊಳ್ಳುವುದೇ ಆದರೆ ‘ಎಫ್‌ಎಸ್ ಸೈಜು’ (ಫುಲ್‌ಸ್ಕೇಪ್) ಅಂತ ಕೇಳಿ ಕೊಳ್ಳಿ, ಪ್ರತಿ ಪಾಕೆಟ್ಟಿನೊಳಗೆ ಬರುವ ಕಪ್ಪು ಕಾಗದವನ್ನು ಮೊದಲು ತೆಗೆದು ಬಿಸಾಡಿ. ಅದು ಅಗ್ಗದ ಬಣ್ಣ ಹಾಕಿದ ಆಮ್ಲದ ಕಾಗದ. ಶೀತ ತಗುಲಿದರೆ ಬಣ್ಣ ಬಿಡುತ್ತದೆ.

ಫೈಲು ಹಳೆಯದಾಗಿ ಪಿವಿಸಿಯದೇ ಆಗಿದ್ದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪ್ಲಾಸ್ಟಿಕ್ಕನ್ನು ಮೆದು ಮಾಡಲು ಬೆರೆಸಿದ ಎಣ್ಣೆಯಂಥ ದ್ರವ ವರ್ಷಗಳಲ್ಲಿ ಮೇಲಕ್ಕೆ ಒಸರುತ್ತದೆ. ಹಾಳೆಯನ್ನು ಎಳೆದರೆ ಚರ್ ಎಂಬ ಸದ್ದಿನೊಂದಿಗೆ ಬಿಡುತ್ತದೆ, ಮತ್ತು ಕವರಿನ ಒಳಮೈ ಮೇಲೆ ಜಾಹೀರಾತಿನ ಹೆಂಗಸಿನ ಕೆಂಪು ಸೀರೆ, ಸೋಪಿನ ಹೆಸರು, ಬೆಲೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕೂತಿರುತ್ತವೆ. ಕಾಗದದ ಮೇಲೆ ಉಳಿದದ್ದು ಅರ್ಧ ಬಣ್ಣ. ಇದಕ್ಕೆ ಔಷಧಿ ಇಲ್ಲ. ಅಂಟಿಕೊಂಡಿದೆ ಅನ್ನಿಸಿದರೆ ಎಳೆಯಬೇಡಿ, ಕವರಿನ ಮೂರೂ ಅಂಚು ಕತ್ತರಿಸಿ ಪ್ಲಾಸ್ಟಿಕ್ಕನ್ನೇ ಹಿಂದಕ್ಕೆ ಮಡಚುತ್ತ ಹಾಳೆಯಿಂದ ಬಿಡಿಸಿ. 80-90ರ ದಶಕದ, ಹಾಳೆಯ ಮೇಲೆ ಗೆರೆಗೆರೆಯಾಗಿ ಗೋಂದು ಇರುವ ಫೋಟೋ ಆಲ್ಬಮ್ಮುಗಳದ್ದು ಇನ್ನೊಂದು ಕಥೆ. ಅದರಲ್ಲಿ ಅಂಟಿಸಿದ ಲೇಬಲ್ಲನ್ನು ಬಲಿ ಕೊಟ್ಟಂತೆಯೇ ಲೆಕ್ಕ.

ಬಿಒಪಿಪಿ ಕವರಿನ ಬಗ್ಗೆ ಸಂಗ್ರಹಕಾರರು ಮೂಗು ಮುರಿಯುವುದು ಅನ್ಯಾಯ. ಹೊಸ ಅಂಗಿ, ಕುರ್ತಾ ಬರುವ ಪರಪರ ಸದ್ದಿನ ಆ ತೆಳು ಕವರು ಪಿಪಿಯೇ, ಎರಡೂ ದಿಕ್ಕಿಗೆ ಎಳೆದು ಗಟ್ಟಿ ಮಾಡಿದ್ದು. ಮೆದು ಮಾಡುವ ಎಣ್ಣೆ ಅದಕ್ಕೆ ಬೇಕಿಲ್ಲ. ಸಗಟು ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಕಟ್ಟುಕಟ್ಟಾಗಿ, ಇಂಚಿನ ಲೆಕ್ಕದ ಎಷ್ಟೋ ಅಳತೆಗಳಲ್ಲಿ ಸಿಗುತ್ತದೆ. ನಮ್ಮ ಡೆಮಿ, ಕ್ರೌನ್ ಅಳತೆಗೆ ಎ4 ಫೈಲಿಗಿಂತ ಚೆನ್ನಾಗಿ ಹೊಂದುತ್ತದೆ. ದೋಷ ಎರಡು. ಬಾಯಿಯ ಮಡಿಕೆಗೆ ಹಚ್ಚಿದ ಗೋಂದು ಮೊದಲನೆಯದು: ಹಾಳೆಯನ್ನು ಹೊರಗೆಳೆಯುವಾಗ ಅದರ ತುದಿ ಒಮ್ಮೆ ಆ ಗೋಂದಿಗೆ ತಾಗಿದರೆ ಮೇಲ್ಪದರ ಕಿತ್ತುಕೊಂಡೇ ಬರುತ್ತದೆ. ಆದ್ದರಿಂದ ಕವರು ತಂದ ದಿನವೇ, ಕಾಗದ ಒಳಗಿಡುವ ಮುಂಚೆಯೇ, ಗೋಂದಿರುವ ಮಡಿಕೆಯನ್ನು ಕತ್ತರಿಸಿ ಎಸೆಯಿರಿ. ಗೋಂದಿಲ್ಲದ್ದೇ ಬೇಕು ಅಂದರೂ ಸಿಗುತ್ತದೆ. ಎರಡನೆಯದು ತೆಳುತನ. ಹಿಂದೆ ರಟ್ಟು ಇಲ್ಲದಿದ್ದರೆ ಕವರೂ ಹಾಳೆಯೂ ಒಟ್ಟಿಗೆ ಬಾಗುತ್ತವೆ. ಅಂಗಡಿಯವರು ದಪ್ಪವನ್ನು ಗೇಜಿನಲ್ಲಿ ಹೇಳಿದರೆ ಗಾಬರಿ ಬೇಡ, 100 ಗೇಜು ಅಂದರೆ 25 ಮೈಕ್ರಾನ್. 200 ಗೇಜು, ಅಂದರೆ 50 ಮೈಕ್ರಾನಿಗಿಂತ ಕಡಿಮೆಯದನ್ನು ತೆಗೆದುಕೊಳ್ಳಬೇಡಿ. ಬೆಂಕಿಪೊಟ್ಟಣದ ಲೇಬಲ್ಲು, ಒಂದೇ ಹ್ಯಾಂಡ್‌ಬಿಲ್ಲಿನ ಹತ್ತು ಪ್ರತಿ, ಹೊಸ ಕಾಲದ ಬ್ರೋಷರು ಇವಕ್ಕೆಲ್ಲ ಇದೇ ಸಾಕು, ಇದಕ್ಕಿಂತ ಹೆಚ್ಚು ಖರ್ಚು ಮಾಡುವುದು ದಂಡ.

ಹನ್ನೊಂದು ತೂತಿನ ಪಿಪಿ ಪಾಕೆಟ್ಟಿನ ಗುಣ ಅದರ ತೂತುಗಳಲ್ಲೇ ಇದೆ. ನಮ್ಮ ಎರಡು ರಿಂಗಿನ, ನಾಲ್ಕು ರಿಂಗಿನ ಫೈಲುಗಳ ತೂತಿನ ಅಂತರ 80 ಮಿ.ಮೀ., ಹನ್ನೊಂದು ತೂತಿನ ಪಟ್ಟಿ ಎರಡಕ್ಕೂ ಕೂರುತ್ತದೆ. ಅಮೆರಿಕದಿಂದ ತರಿಸುವ ‘ಆರ್ಕೈವಲ್’ ಪಾಕೆಟ್ಟುಗಳು ಮೂರು ತೂತಿನವು, ಅಂತರ ಸುಮಾರು 108 ಮಿ.ಮೀ., ನಮ್ಮ ಫೈಲಿಗೆ ಹೊಂದುವುದೇ ಇಲ್ಲ. ಸಾಗಣೆ ಖರ್ಚು ಕೊಟ್ಟು ತರಿಸಿದ ಮೇಲೆ ಗೊತ್ತಾಗುವ ಸಂಗತಿ ಇದು. ಫೈಲಿನ ರಿಂಗು ಇಂಗ್ಲಿಷಿನ ಡಿ ಆಕಾರದ್ದಿರಲಿ. ಗುಂಡು ರಿಂಗಿನಲ್ಲಿ ಮುಚ್ಚಿದಾಗ ಒಳಗಿನ ಹತ್ತಿಪ್ಪತ್ತು ಹಾಳೆಗಳ ಎಡ ಅಂಚು ರಿಂಗಿನ ಬಾಗಿನ ಮೇಲೆ ಮಲಗಿ ಬಳುಕುತ್ತದೆ. ಆಫೀಸಿನ ಬಳಕೆಯ ಅತಿ ತೆಳು ಪಾಕೆಟ್ಟು ಬೇಡ, 75-80 ಮೈಕ್ರಾನಿನದು ಬೇಕು, ಅದೂ ಪಾರದರ್ಶಕವೇ ಆಗಿರಲಿ. ಮಂಜುಮಂಜಾದ, ತರಿತರಿ ಮೈಯಿನ ಪಾಕೆಟ್ಟಿನಲ್ಲಿ ಸಣ್ಣಕ್ಷರದ ದರಪಟ್ಟಿ ಓದಬೇಕೆಂದರೆ ಪ್ರತಿ ಸಲ ಹೊರಗೆ ತೆಗೆಯಬೇಕು. ತೆಗೆದಷ್ಟೂ ಮೂಲೆ ಸವೆಯುತ್ತದೆ.

ಉಳಿದದ್ದು ಪಾಲಿಯೆಸ್ಟರ್. ಮೈಲಾರ್, ಮೆಲಿನೆಕ್ಸ್ ಎಂಬ ವ್ಯಾಪಾರದ ಹೆಸರುಗಳಲ್ಲಿ ಕೇಳಿರುವುದು ಇದನ್ನೇ. ಗಾಜಿನಷ್ಟು ತಿಳಿ, ಕೈಯಿಂದ ಹರಿಯಲು ಬಾರದಷ್ಟು ಗಟ್ಟಿ, ದಶಕಗಟ್ಟಲೆ ಹಳದಿಯಾಗದು. ಪಿಪಿ ಪಾಕೆಟ್ಟಿಗಿಂತ ಹಲವು ಪಟ್ಟು ದುಬಾರಿ. ಕೊಟ್ಟ ದುಡ್ಡಿಗೆ ನ್ಯಾಯ ಸಿಗುವುದು ಎಲ್-ಸ್ಲೀವಿನಲ್ಲಿ, ಅಂದರೆ ಅಕ್ಕಪಕ್ಕದ ಎರಡು ಅಂಚು ಮಾತ್ರ ಬೆಸೆದು ಉಳಿದೆರಡು ತೆರೆದಿರುವುದರಲ್ಲಿ. ಮುರುಕಲು ಹಾಳೆಯನ್ನು ಇದರೊಳಗೆ ತುರುಕಬೇಕಿಲ್ಲ. ಪುಸ್ತಕದ ಪುಟ ತೆರೆದಂತೆ ಮೇಲಿನ ಹಾಳೆ ಎತ್ತಿ, ಮಲಗಿಸಿ, ಮುಚ್ಚಿದರಾಯಿತು. ಮೂರು ಕಡೆ ಮುಚ್ಚಿದ ಪಾಲಿಯೆಸ್ಟರಿನಲ್ಲಿ ಈ ಸುಖವಿಲ್ಲ. ದಪ್ಪ 75 ಮೈಕ್ರಾನಾದರೆ ಬಿಡಿ ಹಾಳೆಗೆ ಸರಿ, ಫುಲ್‌ಸ್ಕೇಪಿಗಿಂತ ದೊಡ್ಡದಕ್ಕೆ 100. ಅಳತೆ ಆರಿಸುವಾಗ ಹಾಳೆಗಿಂತ ಪ್ರತಿ ಪಕ್ಕಕ್ಕೆ ಐದಾರು ಮಿ.ಮೀ. ಬಿಡಿ. ಮೂರು ಮಿ.ಮೀ. ದಪ್ಪದ ಪುಸ್ತಿಕೆಯಾದರೆ ಅಗಲಕ್ಕೆ ಆ ದಪ್ಪವನ್ನೂ ಕೂಡಿಸಿ.

ಇದರ ದೋಷಗಳನ್ನು ಮಾರುವವರು ಹೇಳುವುದಿಲ್ಲ. ಪಾಲಿಯೆಸ್ಟರಿಗೆ ಸ್ಥಿರವಿದ್ಯುತ್ತು ಜಾಸ್ತಿ. ಚಳಿಗಾಲದ ಒಣಹವೆಯಲ್ಲಿ ಮುಚ್ಚುಹಾಳೆ ಎತ್ತಿದರೆ ಕಾಗದವೂ ಅಂಟಿಕೊಂಡು ಮೇಲೆದ್ದು ಬರುತ್ತದೆ. ಗಟ್ಟಿ ಕಾಗದಕ್ಕೆ ಅದು ಒಳ್ಳೆಯದೇ, ಜಾರದಂತೆ ಹಿಡಿದಿಡುತ್ತದೆ. ಆದರೆ ಮ್ಯಾಂಚೆಸ್ಟರ್ ಬಟ್ಟೆಯ ಲೇಬಲ್ಲುಗಳ ಮೇಲೆ ಬಂಗಾರದ ಬಣ್ಣದ ಪುಡಿ ಇರುತ್ತದೆ, ಕ್ಯಾಲೆಂಡರಿನ ದೇವರ ಕಿರೀಟಕ್ಕೆ ಮಿಂಚು ಅಂಟಿಸಿರುತ್ತಾರೆ. ಇವುಗಳ ಅಂಟು ಸತ್ತಿದ್ದರೆ ಪಾಲಿಯೆಸ್ಟರು ಪುಡಿಯನ್ನೆಲ್ಲ ತನ್ನ ಮೈಗೆ ಎಳೆದುಕೊಳ್ಳುತ್ತದೆ. ಲೇಬಲ್ಲನ್ನು ವಾರೆ ಬೆಳಕಿಗೆ ಹಿಡಿದು, ಕೆಳಗೆ ಕಪ್ಪು ಕಾಗದ ಹಾಸಿ, ಹಿಂದಿನಿಂದ ಮೆಲ್ಲಗೆ ಒಮ್ಮೆ ತಟ್ಟಿ. ಕಪ್ಪಿನ ಮೇಲೆ ಮಿನುಗು ಬಿದ್ದರೆ ಅದಕ್ಕೆ ಪ್ಲಾಸ್ಟಿಕ್ಕೇ ಬೇಡ, ನಾಲ್ಕೂ ಕಡೆಯಿಂದ ಮಡಚುವ ಕಾಗದದ ಲಕೋಟೆಯೇ ಸರಿ.

ಇನ್ನೊಂದು ದೋಷ ದೊಡ್ಡದು. ನಾಲ್ಕೂ ಅಂಚಿಗೆ ಡಬಲ್ ಸೈಡ್ ಟೇಪ್ ಹಾಕಿ ಕಾಗದವನ್ನು ಪೂರ್ತಿ ಒಳಗೆ ಮುಚ್ಚಿಬಿಡುವ ಪದ್ಧತಿಯಿದೆ. ಆಮ್ಲ ತುಂಬಿದ ಕಾಗದವನ್ನು ಹೀಗೆ ಮುಚ್ಚಿದರೆ ಅದರ ಆವಿ ಹೊರಹೋಗದೆ ಒಳಗೇ ಸುತ್ತುತ್ತದೆ, ಹಾಳೆ ಬೇಗ ಮುದಿಯಾಗುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಪ್ರಯೋಗಗಳಲ್ಲೂ ಇದೇ ಕಂಡದ್ದು. ಪರಿಹಾರ ಕಾಗದದ ಬೆನ್ನಿಗೆ ಇಡುವ ಹಾಳೆಯಲ್ಲಿದೆ: ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ಕ್ಷಾರ ಗುಣದ ಕಾರ್ಡು ಅಥವಾ ಕಾಗದ. ಅದು ಆಮ್ಲವನ್ನು ಹೀರಿಕೊಳ್ಳುತ್ತದೆ. ‘ಬಫರ್ಡ್’ ಎಂದು ಕೇಳಿ. ಬೈಂಡಿಂಗ್‌ನವರ ಬೂದು ರಟ್ಟು ಇದಕ್ಕೆ ಬದಲಿಯಲ್ಲ. ಆ ರಟ್ಟೇ ಆಮ್ಲದ ಉಗ್ರಾಣ, ನಾಲ್ಕೈದು ವರ್ಷದಲ್ಲಿ ತನ್ನ ಕಂದು ಬಣ್ಣವನ್ನು ಹಾಳೆಯ ಹಿಂಬದಿಗೆ ಇಳಿಸುತ್ತದೆ. ಬಫರ್ಡ್ ಕಾರ್ಡು ಸಿಗದ ಕಡೆ ಬಣ್ಣ ಹಾಕದ, ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ ಬಳಸಬಹುದು.

ಇದಕ್ಕೊಂದು ಅಪವಾದವೂ ಇದೆ. ಡಿಪಾರ್ಟ್‌ಮೆಂಟ್ ಸ್ಟೋರುಗಳ ಸೂಟಿಂಗ್, ಸೀರೆ ಪುಸ್ತಿಕೆಗಳಲ್ಲಿ ಬಟ್ಟೆಯ ಚೂರುಗಳನ್ನೇ ಅಂಟಿಸಿರುತ್ತಾರೆ. ಅವು ರೇಷ್ಮೆಯೋ ಉಣ್ಣೆಯೋ ಆಗಿದ್ದರೆ ಕ್ಷಾರ ಅವಕ್ಕೆ ಆಗಿಬರುವುದಿಲ್ಲ. ಅಂಥವಕ್ಕೆ ಆಮ್ಲವೂ ಇಲ್ಲದ, ಕ್ಷಾರವೂ ಇಲ್ಲದ ತಟಸ್ಥ ಕಾಗದ ಬೇಕು. ಹತ್ತಿಯ ಚೂರಾದರೆ ಚಿಂತೆಯಿಲ್ಲ.

ಕವರು ಎಷ್ಟೇ ಒಳ್ಳೆಯದಿರಲಿ, ತುಕ್ಕು ಹಿಡಿದ ಪಿನ್ನಿನ ಸಮೇತ ಒಳಗಿಟ್ಟರೆ ದುಡ್ಡು ದಂಡ. ಎಂಟು ಪುಟದ ಪುಸ್ತಿಕೆಯ ನಡುವೆ ಎರಡು ಪಿನ್ನು ಇರುತ್ತವೆ, ಸುತ್ತ ಕಂದು ಕಲೆ, ಕಲೆಯ ಜಾಗದಲ್ಲಿ ಕಾಗದ ಬಿಸ್ಕತ್ತಿನಂತೆ. ಪಿನ್ ರಿಮೂವರಿನ ಹಲ್ಲು ಹಾಕಿ ಕಿತ್ತರೆ ನಡುಪುಟವೂ ಜೊತೆಗೇ ಬರುತ್ತದೆ. ಪುಸ್ತಿಕೆಯನ್ನು ನಡುಪುಟಕ್ಕೆ ತೆರೆದು, ಪಾಲಿಯೆಸ್ಟರಿನ ತೆಳು ಪಟ್ಟಿಯೊಂದನ್ನು ಪಿನ್ನಿನ ಮಡಿಸಿದ ಕಾಲುಗಳ ಕೆಳಗೆ ತೂರಿಸಿ. ಆ ಪಟ್ಟಿಯ ಮೇಲೆಯೇ ಮೊಂಡು ಚಾಕುವಿನ ತುದಿ ಇಟ್ಟು ಕಾಲುಗಳನ್ನು ಒಂದೊಂದಾಗಿ ನೆಟ್ಟಗೆ ಎಬ್ಬಿಸಿ. ಮಗುಚಿ, ಹೊರಬೆನ್ನಿನ ಕಡೆಯಿಂದ ನೇರವಾಗಿ ಹೊರಗೆಳೆಯಿರಿ. ಕಾಲು ಮುರಿದರೆ ಮುರಿಯಲಿ, ಕಾಗದ ಮುರಿಯಬಾರದು. ತುಕ್ಕಿನ ಪುಡಿಯನ್ನು ಮೆದು ಬ್ರಶ್ಶಿನಿಂದ ಹೊರಮುಖವಾಗಿ ಗುಡಿಸಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ. ಆಮೇಲೆ ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಹಾಕಿ ಹೊಲಿದರೆ ಹೊಸ ತೂತೂ ಬೇಡ, ಪಿನ್ನೂ ಬೇಡ.

ಹರಿದದ್ದನ್ನು ಜೋಡಿಸಲು ಬೈಂಡಿಂಗ್ ಅಂಗಡಿಗೆ ಕೊಡುವ ಮುನ್ನ ಅಂಟಿಗೆ ಏನು ಹಾಕುತ್ತಾರೆ ಎಂದು ಕೇಳಿ. ಮೈದಾ ಅಂಟು ಒಳ್ಳೆಯದೇ. ಹುಳ ಬಾರದಿರಲಿ ಎಂದು ಅದಕ್ಕೆ ಮೈಲುತುತ್ತ ಬೆರೆಸುವ ರೂಢಿಯಿದೆ, ಅದರ ತಾಮ್ರ ಕಾಗದವನ್ನು ಬೇಗ ತಿನ್ನುತ್ತದೆ. ಫೆವಿಕಾಲ್ ಹಾಕಿದರೆ ಮತ್ತೆ ಬಿಡಿಸಲಾಗದು, ಸೆಲ್ಲೋಟೇಪು ಎಣ್ಣೆಯಂಥ ಹಳದಿ ಪಟ್ಟಿ ಬಿಟ್ಟು ತಾನು ಉದುರಿಹೋಗುತ್ತದೆ. ಲ್ಯಾಮಿನೇಷನ್ ಬಗ್ಗೆ ಹೇಳಲೇಬೇಕೆ? ರೇಷನ್ ಕಾರ್ಡಿಗೆ ಅದು ಸರಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಕವರಿಗಿಂತ ಪೆಟ್ಟಿಗೆ ಮುಖ್ಯ. ಗಾಳಿಯ ತೇವಾಂಶ ಶೇಕಡ 65-70 ದಾಟಿ ಅಲ್ಲೇ ನಿಂತರೆ ಬೂಷ್ಟು ಏಳುತ್ತದೆ, ಆಷಾಢದಲ್ಲಿ ಕರಾವಳಿ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಹೊಳಪಿನ ಆರ್ಟ್ ಪೇಪರಿನ ಕ್ಯಾಟಲಾಗುಗಳ ಮೇಲೆ ಜೇಡಿಮಣ್ಣಿನ ಲೇಪವಿರುತ್ತದೆ, ಒದ್ದೆಯಾಗಿ ಒಣಗಿದರೆ ಪುಟಗಳು ಒಂದಕ್ಕೊಂದು ಕಲ್ಲಿನಂತೆ ಅಂಟುತ್ತವೆ. ರಬ್ಬರ್ ಅಂಚಿನ ಮುಚ್ಚಳವಿರುವ ಪಿಪಿ ಡಬ್ಬಿ, ಒಳಗೆ ಚಿಕ್ಕ ತೇವಾಂಶ ಮೀಟರು, ತೇವ ಹೀರುವ ಸಿಲಿಕಾ ಜೆಲ್ ಹರಳು, ಇಷ್ಟು ಬೇಕು. ಶೂ ಡಬ್ಬಿಯಲ್ಲಿ ಬರುವ ಒಂದೆರಡು ಗ್ರಾಮಿನ ಪೊಟ್ಟಣ ತಮಾಷೆಗೆ ಸಾಕು. ಮ್ಯೂಸಿಯಂಗಳ ಲೆಕ್ಕ ಘನ ಮೀಟರಿಗೆ 20 ಕೆ.ಜಿ., ಅಂದರೆ 30 ಲೀಟರಿನ ಡಬ್ಬಿಗೆ 600 ಗ್ರಾಂ. ಮೀಟರು 40ಕ್ಕಿಂತ ಕೆಳಗೆ ಹೋದರೆ ಅರ್ಧ ತೆಗೆಯಿರಿ, ತೀರ ಒಣಗಿದ ಕಾಗದವೂ ಮುರಿಯುತ್ತದೆ. ಕಿತ್ತಳೆ ಬಣ್ಣದ ಜೆಲ್ಲನ್ನು 110-120 ಡಿಗ್ರಿ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಗೆ ತರಬೇಡಿ. ನುಸಿಗುಳಿಗೆ ಬೇಡ. ಬೇವಿನೆಲೆಯನ್ನು ಪುಟಗಳ ನಡುವೆ ಇಡುವುದಂತೂ ಬೇಡವೇ ಬೇಡ, ಎಲೆಯ ಅಚ್ಚು ಕಾಗದದ ಮೇಲೆ ಹಾಗೇ ಉಳಿಯುತ್ತದೆ.

ಸಾವಿರಕ್ಕೂ ಹೆಚ್ಚು ಪುಟಗಳ ಆರ್ಮಿ ಅಂಡ್ ನೇವಿ ಕ್ಯಾಟಲಾಗು ಇಡಿಯಾಗಿ ಸಿಕ್ಕಿದ ಪುಣ್ಯವಂತರಿಗೆ ಈ ನಾಲ್ಕರಲ್ಲಿ ಯಾವ ಕವರೂ ಬೇಡ, ಅಳತೆಗೆ ಮಾಡಿಸಿದ ಪೆಟ್ಟಿಗೆ ಬೇಕು, ಅದನ್ನು ಮಲಗಿಸಿಯೇ ಇಡಬೇಕು. ನಿಲ್ಲಿಸಿದರೆ ಪುಟಗಳ ಭಾರಕ್ಕೆ ಬೆನ್ನು ಜಗ್ಗಿ ಕಳಚುತ್ತದೆ. ತಗಡಿನ ಪಟ್ಟಿಯ ಕ್ಯಾಲೆಂಡರಿಗೂ ಅಷ್ಟೇ, ಎರಡು ಬಫರ್ಡ್ ಬೋರ್ಡಿನ ನಡುವೆ ಮಲಗಿಸಿ, ತಗಡಿಗೂ ಚಿತ್ರಕ್ಕೂ ನಡುವೆ ಪಾಲಿಯೆಸ್ಟರಿನ ಒಂದು ಪಟ್ಟಿ ಸೇರಿಸಿ.

ದುಡ್ಡು ಹಂಚುವುದು ಹೇಗೆ ಎಂದರೆ, ನೂರು ಕಾಗದವಿದ್ದರೆ ಹತ್ತಿಪ್ಪತ್ತಕ್ಕಷ್ಟೇ ಪಾಲಿಯೆಸ್ಟರು: ಮುರುಕಲಾದವು, ಮತ್ತೆ ಸಿಗದವು, ಪದೇ ಪದೇ ತೋರಿಸಬೇಕಾದವು. ಉಳಿದ ಕ್ರೌನ್ 1/4, ಡೆಮಿ 1/8 ಅಳತೆಯವು ಹನ್ನೊಂದು ತೂತಿನ ಪಾಕೆಟ್ಟಿಗೆ, ಅಡ್ಡಾದಿಡ್ಡಿ ಅಳತೆಯವು ಗೋಂದು ಕತ್ತರಿಸಿದ ಬಿಒಪಿಪಿಗೆ. ಕ್ಲಿಯರ್ ಬುಕ್ಕನ್ನು ಮಾರ್ಕ್ಸ್ ಕಾರ್ಡಿಗೇ ಬಿಡಿ.

ಹಿಂದೆ ಇಡುವ ಕಾರ್ಡು ಇನ್ನೊಂದು ಕೆಲಸಕ್ಕೂ ಬರುತ್ತದೆ. ಕಾಗದ ಯಾವ ಕಾಲದ್ದು, ಎಲ್ಲಿಂದ ಬಂತು ಎಂಬುದನ್ನು ಬರೆಯಬೇಕಾದದ್ದು ಅದರ ಮೇಲೆ. ಮಾರ್ಕರಿನಿಂದ ಕವರಿನ ಮೇಲೆ ಬರೆದದ್ದು ಅಳಿಸಿಹೋಗುತ್ತದೆ, ಇಲ್ಲವೇ ಪಕ್ಕದ ಕವರಿಗೆ ಅಂಟುತ್ತದೆ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಎಂದುಕೊಳ್ಳಬಹುದು, ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು, ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಮೊದಲಿನದು. ಹಳೇ ಅಚ್ಚಿನ ಬ್ಲಾಕಿನಿಂದಲೇ ಮತ್ತೆ ಅಚ್ಚು ಹಾಕಿಸಿದ ಅಂಗಡಿಗಳೂ ಇದ್ದವು, ಆದ್ದರಿಂದ ಒಂದೇ ಗುರುತನ್ನು ನಂಬಿ ವರ್ಷ ಬರೆಯಬೇಡಿ. ಪ್ರೆಸ್ಸಿನ ಹೆಸರು ಹಲವು ಸಲ ಹಿಂಬದಿಯ ಕೆಳ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ, ಕಾರ್ಡು ಅದನ್ನು ಮುಚ್ಚಿಬಿಡುತ್ತದೆ. ಒಳಗಿಡುವ ಮುಂಚೆಯೇ ಅದನ್ನು ಓದಿ, ಕಾರ್ಡಿನ ಹಿಂಬದಿಯಲ್ಲಿ ಮೆದು ಪೆನ್ಸಿಲ್ಲಿನಿಂದ ಬರೆದು, ಆಮೇಲೆ ಸ್ಲೀವಿನ ಬಾಯಿ ಮುಚ್ಚಿ.